ಕೋಡುಬಳೆಗೆ ತಿರುಗಿದ ತುತ್ತೂರಿ

ನನ್ನನ್ನು ಕೆಲಸಕ್ಕೆ ತೆಗೆದುಕೊಂಡಾಗ ಕೊಟ್ಟ ಕಾಗದದಲ್ಲಿ ‘ರೇಡಿಯೋ ಆಪರೇಟರ್’ ಎಂದು ಟೈಪು ಮಾಡಿದ್ದರು. ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲಕ್ಕೆ ದಾಟಿದ್ದ ನನಗೆ ಆ ಎರಡು ಪದ ಯಾವ ಡಿಗ್ರಿಗೂ ಕಮ್ಮಿಯಾಗಿ ಕಾಣಲಿಲ್ಲ. ಬಳೇಪೇಟೆಯ ಮನೆಯಲ್ಲಿ ಕನ್ನಡಿಯ ಪಕ್ಕದಲ್ಲೇ ಆ ಕಾಗದ ಅಂಟಿಸಿದೆ. ತಲೆ ಬಾಚುವಾಗ ಒಂದು ಸಲ ಮುಖ ನೋಡಿಕೊಂಡರೆ ಎರಡು ಸಲ ಅದನ್ನು ನೋಡಿಕೊಳ್ಳುತ್ತಿದ್ದೆ. ಬಳೆ ಅಂಗಡಿಗಳಿಗೆ ಮೂಟೆ ಹೊರುತ್ತಿದ್ದ ನಮ್ಮಪ್ಪ ಕಂಡಕಂಡವರಿಗೆಲ್ಲ, "ನಮ್ ಚಿಕ್ಕಣ್ಣ ರೇಡಿಯೋದಲ್ಲಿದಾನೆ" ಎನ್ನುತ್ತಿದ್ದರು. "ಎಷ್ಟ್ ಗಂಟೆಗೆ ಬರ್ತಾನೆ?" ಎಂದು ಯಾರಾದರೂ ಕೇಳಿದರೆ ಅಪ್ಪ ಬಿಟ್ಟುಕೊಡುತ್ತಿರಲಿಲ್ಲ. "ಅವನು ಬರಲ್ಲ. ಅವನು ಬಿಟ್ರೇನೇ ಉಳಿದೋರು ಬರೋದು."

ಅಪ್ಪ ಹೇಳಿದ್ದು ಸುಳ್ಳಲ್ಲ. ಸಂಜೆ ಐದೂವರೆಗೆ ಸ್ವಿಚ್ಚು ಹಾಕುವುದು, ಎಂಟೂವರೆಗೆ ತೆಗೆಯುವುದು, ಇಷ್ಟೇ ನನ್ನ ಕೆಲಸ.

ಈಗ ನಮ್ಮ ಕಚೇರಿಗೆ ಹೊಸದಾಗಿ ಸೇರುತ್ತಿರುವ ನಿಮಗೆ ಇಂಥ ಕೆಲಸವೊಂದು ಇತ್ತು ಎಂದರೆ ನಗು ಬರಬಹುದು. ಎಪ್ಪತ್ತರ ದಶಕದಲ್ಲಿ ನಮ್ಮೂರಿನ ಪಾರ್ಕುಗಳ ನಡುವೆ ಒಂದು ಪುಟ್ಟ ರೇಡಿಯೋ ಕೋಣೆ ಇರುತ್ತಿತ್ತು. ಅದರ ತಲೆಯ ಮೇಲೆ ಒಂದು ಕಂಬ, ಕಂಬದ ತುದಿಯಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಹಾರ್ನ್. ಜನ ಅದನ್ನು ತುತ್ತೂರಿ ಎನ್ನುತ್ತಿದ್ದರು. ಮನೆಯಲ್ಲಿ ರೇಡಿಯೋ ಇಲ್ಲದವರು ಸಂಜೆ ಬಂದು ಸರ್ಕಾರಿ ಸ್ಟೇಷನ್ನಿನ ವಾರ್ತೆ, ಹಾಡು, ನಾಟಕ ಕೇಳಲಿ ಎಂದು ಊರಿನ ಆಡಳಿತವೇ ಸೆಟ್ಟಿಗೆ, ಕರೆಂಟಿಗೆ, ನನಗೆ ದುಡ್ಡು ಕೊಡುತ್ತಿತ್ತು. ನನ್ನ ಪಾರ್ಕು ಚಾಮರಾಜಪೇಟೆಯ ಕಡೆಗಿತ್ತು. ಯಾವ ಪಾರ್ಕು, ಯಾವ ಕಚೇರಿ ಎಂದು ಹೆಸರು ಹಾಕುವುದಿಲ್ಲ. ಇಲ್ಲಿ ಹೇಳಹೊರಟಿರುವ ತಪ್ಪು ಕಚೇರಿಯದಲ್ಲ, ನನ್ನದು.

ಹೋದ ವಾರ ನಿಮ್ಮಲ್ಲೇ ಒಬ್ಬಳು, ಕಾವ್ಯ ಎನ್ನುವ ಎಂಜಿನಿಯರ್ ಹುಡುಗಿ, ತ್ಯಾಗರಾಜನಗರದ ನಮ್ಮ ಮನೆಗೆ ಒಂದು ಹಳೇ ಕಾಗದದ ಜೆರಾಕ್ಸ್ ಹಿಡಿದು ಬಂದಳು. ಅದರ ಕೆಳಗೆ ನನ್ನ ಸಹಿ ಇತ್ತು. ಸಹಿ ಮಾತ್ರ ಬಹಳ ಚೆನ್ನಾಗಿತ್ತು. ಆ ಕಾಗದದ ಕಥೆಗೆ ಬರುತ್ತೇನೆ. ಅದಕ್ಕೆ ಮೊದಲು ನಾನು ಎಂಥ ಆಪರೇಟರ್ ಎಂಬುದು ನಿಮಗೆ ಗೊತ್ತಾಗಬೇಕು.

ಆಗಿನದು ವಾಲ್ವಿನ ಸೆಟ್ಟು. ಸ್ವಿಚ್ಚು ಹಾಕಿದ ಕೂಡಲೇ ಮಾತಾಡುತ್ತಿರಲಿಲ್ಲ. ಒಳಗೆ ಕೆಂಪಗೆ ಕಾದು, ಗೊರಗೊರ ಎಂದು ಗಂಟಲು ಸರಿಮಾಡಿಕೊಂಡು, ಆಮೇಲೆ ದನಿ ತೆಗೆಯುತ್ತಿತ್ತು. ಮೊದಲ ದಿನ ನನಗದು ಗೊತ್ತಿರಲಿಲ್ಲ. ಸದ್ದು ಬರಲಿಲ್ಲವೆಂದು ಗುಂಡಿಯನ್ನು ಪೂರ್ತಿ ತಿರುಗಿಸಿಬಿಟ್ಟೆ. ಅರೆ ನಿಮಿಷದ ಮೇಲೆ ನಾಲ್ಕು ತುತ್ತೂರಿಗಳೂ ಒಟ್ಟಿಗೆ ಅರಚಿದವು. ಮರದ ಮೇಲಿದ್ದ ಗಿಳಿಗಳೆಲ್ಲ ಎದ್ದವು. ಬೆಂಚಿನ ಮೇಲಿದ್ದ ಹಿರಿಯರೊಬ್ಬರು ಚಪ್ಪಲಿ ಬಿಟ್ಟು ಓಡಿದರು. ಆ ಚಪ್ಪಲಿ ಎರಡು ದಿನ ನನ್ನ ಕೋಣೆಯಲ್ಲೇ ಇತ್ತು.

ಎರಡನೇ ವಾರ ಇನ್ನೊಂದು ಪರಾಕ್ರಮ. ಸರ್ಕಾರಿ ಸ್ಟೇಷನ್ನಿನಲ್ಲಿ ಬೆಳೆ ರೋಗದ ಬಗ್ಗೆ ಯಾರೋ ಮಾತಾಡುತ್ತಿದ್ದರು. ಚಾಮರಾಜಪೇಟೆಯಲ್ಲಿ ಯಾರಿಗೆ ಬೆಳೆ ಎಂದು ನಾನೇ ತೀರ್ಮಾನ ಮಾಡಿ, ಸಮುದ್ರದಾಚೆಯ ಸ್ಟೇಷನ್ ಹಿಡಿದು ಸಿನಿಮಾ ಹಾಡು ಹಾಕಿದೆ. ಪಾರ್ಕು ಭರ್ತಿಯಾಯಿತು. ನಾನು ಕೋಣೆಯ ಬಾಗಿಲಲ್ಲಿ ನಿಂತು, ಹಾಡಿದವನೇ ನಾನು ಎಂಬಂತೆ ಬೀಗುತ್ತಿದ್ದೆ. ಆಗ ಕಡಲೆಕಾಯಿ ಮಾರುವವನು ಬಂದು ಕೈಮುಗಿದ. "ಅಣ್ಣಾ, ಆ ಹುಳದ ಔಷಧಿ ಯಾವ್ದು ಅಂತ ಹೇಳೋಷ್ಟರಲ್ಲಿ ನಿಲ್ಸ್‌ಬಿಟ್ರಲ್ಲ. ಊರಲ್ಲಿ ನಮ್ ತಮ್ಮ ಹಾಕಿರೋ ಕಡಲೆಕಾಯಿಗೆ ಅದೇ ಹುಳ." ತಡಬಡಿಸಿ ಹಿಂದಕ್ಕೆ ತಿರುಗಿಸುವಷ್ಟರಲ್ಲಿ ಔಷಧಿ ಮುಗಿದು ವಂದನಾರ್ಪಣೆ ನಡೆಯುತ್ತಿತ್ತು. ಅವನು ಒಂದು ಪೊಟ್ಟಣ ಕಡಲೆಕಾಯಿ ನನ್ನ ಕೈಗಿಟ್ಟು ಹೋದ. ಅದನ್ನೂ ತಿಂದೆ. ನನ್ನ ಬಾಯಿಯ ಸ್ವಭಾವ ಮುಂದಿನ ಕಥೆಗೆ ಬೇಕಾಗುತ್ತದೆ, ನೆನಪಿರಲಿ.

ನಮ್ಮ ವಿಭಾಗದ ಸೂಪರಿಂಟೆಂಡೆಂಟ್ ಸುಬ್ಬರಾಯರು. ಬೋಳು ತಲೆ, ಬಿಳೀ ಅಂಗಿ, ಜೇಬಿನಲ್ಲಿ ಸದಾ ಒಂದು ಪೆನ್ಸಿಲ್ ಮತ್ತು ಗೇಣುದ್ದದ ಸ್ಕೇಲು. ಅವರು ಎಲ್ಲ ಪಾರ್ಕುಗಳನ್ನೂ ಸೈಕಲ್ಲಿನಲ್ಲಿ ಸುತ್ತಿ ನೋಡುತ್ತಿದ್ದರು. ರೇಡಿಯೋ ಕೋಣೆಯಲ್ಲಿ ಕಳೆದುಹೋದ ಮಕ್ಕಳ ವಿಷಯ ಸಾರಲು ಒಂದು ಮೈಕು ಕೊಟ್ಟಿದ್ದರು. ಒಂದು ಸಂಜೆ ಮಗುವೊಂದರ ವಿಷಯ ಸಾರಿ ಮೈಕು ಆರಿಸುವುದನ್ನು ಮರೆತೆ. ಪಾರ್ಕಿನ ಮಾಲಿ ತಿಮ್ಮಣ್ಣನ ಜತೆ ಹರಟೆಗೆ ಕೂತೆ. "ಆ ಸುಬ್ಬರಾಯರಿಗೆ ತಲೆ ಮೇಲೂ ಏನಿಲ್ಲ, ತಲೆ ಒಳಗೂ ಏನಿಲ್ಲ ಕಣೋ" ಎಂದೆ. ನನ್ನ ದನಿ ನಾಲ್ಕು ದಿಕ್ಕಿಗೂ ಹೋಯಿತು. ಸುಬ್ಬರಾಯರು ಅಂದು ಮೂರನೇ ಬೆಂಚಿನಲ್ಲಿ ಕೂತಿದ್ದರು.

ಅವರು ಎದ್ದು ಬಂದು ಬಾಗಿಲಲ್ಲಿ ನಿಂತರು. ತಿಮ್ಮಣ್ಣ ಕುಡುಗೋಲು ಹಿಡಿದು, ಯಾವ ಗಿಡವೂ ಇಲ್ಲದ ಕಡೆ ಗಿಡ ಕತ್ತರಿಸಲು ಹೊರಟ.

"ದನಿ ಚೆನ್ನಾಗಿದೆಯಯ್ಯ, ವಾರ್ತೆ ಓದ್ಬಹುದು ನೀನು" ಎಂದರು. "ಆದ್ರೆ ಒಂದು ಅನುಮಾನ. ತಲೆ ಹೊರಗಡೆದು ಎಲ್ರಿಗೂ ಕಾಣ್ಸತ್ತೆ. ಒಳಗಡೆದು ನಿನಗೆ ಹೇಗೆ ಗೊತ್ತಾಯ್ತು?"

"ತಪ್ಪಾಯ್ತು ಸಾರ್."

"ತಪ್ಪೇನಿಲ್ಲ. ಮೈಕ್ ಆರ್ಸು."

ಮೆಮೋ ಬರಲಿಲ್ಲ, ಸಂಬಳ ಹಿಡಿಯಲಿಲ್ಲ. ಇಂಥ ಮನುಷ್ಯನಿಗೆ ನಾನು ಮುಂದೆ ಏನು ಮಾಡಿದೆನೆಂದು ನೆನೆದರೆ, ಅವರು ಅಂದೇ ನನ್ನನ್ನು ಮನೆಗೆ ಕಳಿಸಬೇಕಿತ್ತು ಅನ್ನಿಸುತ್ತದೆ.

ಪಾರ್ಕಿನ ಹಿಂಬದಿ, ಪಶ್ಚಿಮದ ಗೋಡೆಯಾಚೆ, ಒಂದು ಗಲ್ಲಿ ಇತ್ತು. ಗಲ್ಲಿಯ ಉದ್ದಕ್ಕೂ ವಠಾರದ ಮನೆಗಳು. ಅಲ್ಲಿನ ಹೆಂಗಸರು ಊದುಬತ್ತಿ ಹೊಸೆಯುತ್ತಿದ್ದರು. ಮುಂದೆ ಒಂದು ಗಿಡ್ಡ ಮಣೆ, ಪಕ್ಕದಲ್ಲಿ ಕಲಸಿದ ಕಪ್ಪು ಹಿಟ್ಟು, ಬಿದಿರು ಕಡ್ಡಿಯ ಕಟ್ಟು. ಕಡ್ಡಿಯ ಮೇಲೆ ಹಿಟ್ಟಿಟ್ಟು ಅಂಗೈಯಿಂದ ಒಂದು ಸಲ ಉರುಳಿಸಿದರೆ ಒಂದು ಬತ್ತಿ. ಕೈ ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದರೆ ಹಿಟ್ಟು ಒಣಗುತ್ತದೆ. ಕೈಗೆ ಕೆಲಸವಿದ್ದು ಕಿವಿ ಖಾಲಿ ಇರುವವರಿಗೆ ರೇಡಿಯೋದಂಥ ವಸ್ತು ಇನ್ನೊಂದಿಲ್ಲ. ಪಶ್ಚಿಮದ ತುತ್ತೂರಿ ನೇರ ಅವರ ಹೊಸಿಲ ಕಡೆಗೇ ಇತ್ತು. ನಾನು ಸ್ವಿಚ್ಚು ಹಾಕುವ ಹೊತ್ತಿಗೆ ಗಲ್ಲಿಯ ಎಲ್ಲ ಹೊಸಿಲಲ್ಲೂ ಮಣೆ ಬಂದಿರುತ್ತಿತ್ತು.

ಅವರಲ್ಲಿ ಗಿರಿಜಮ್ಮ ಎನ್ನುವವರು ಒಬ್ಬರು. ನಲವತ್ತರ ಸುಮಾರಿನ ಹೆಂಗಸು, ಹಣೆಗೆ ವಿಭೂತಿ, ಮೊಣಕೈವರೆಗೂ ಕಪ್ಪು ಹಿಟ್ಟು. ವಾರಕ್ಕೊಂದು ಸಂಜೆ ರೇಡಿಯೋದಲ್ಲಿ ಸಂಗೀತ ಪಾಠ ಬರುತ್ತಿತ್ತು. ಮೇಷ್ಟರು ಒಂದು ಸಾಲು ಹೇಳಿಕೊಡುವರು, ಸ್ಟುಡಿಯೋದಲ್ಲಿ ಕೂತ ಇಬ್ಬರು ಶಿಷ್ಯೆಯರು ಅದನ್ನೇ ತಿರುಗಿ ಹಾಡುವರು. ಗಿರಿಜಮ್ಮ ಗೋಡೆಯಾಚೆ ಕೂತ ಮೂರನೇ ಶಿಷ್ಯೆ. ಬತ್ತಿ ಉರುಳಿಸುತ್ತಲೇ ತಿರುಗಿ ಹಾಡುತ್ತಿದ್ದರು. ಆ ದಿನಗಳಲ್ಲಿ ಒಂದು ಕೀರ್ತನೆಯ ಪಾಠ ನಡೆದಿತ್ತು. ಪಲ್ಲವಿಗೆ ಮೂರು ವಾರ, ಅನುಪಲ್ಲವಿಗೆ ಎರಡು ವಾರ.

ಒಂದು ಸಂಜೆ ಗೇಟಿನ ಹತ್ತಿರ ಸಿಕ್ಕು, "ಏ ರೇಡಿಯೋ ಅಣ್ಣ, ಆ ಮೇಷ್ಟ್ರಿಗೆ ಹೇಳು, ಕೊನೆ ಸಾಲು ಇನ್ನೊಂದ್ಸಲ ಹೇಳ್ಕೊಡ್ಬೇಕಂತೆ ಅಂತ" ಎಂದರು.

"ನಾನ್ ಹೇಳಿದ್ರೆ ಅವ್ರಿಗೆ ಕೇಳ್ಸಲ್ಲಮ್ಮ."

"ಮತ್ತೆ ನೀನ್ ಯಾತಕ್ಕಿರೋದು ಅಲ್ಲಿ?"

ಗಲ್ಲಿಯ ಹೆಂಗಸರೆಲ್ಲ ನಕ್ಕರು. ನಾನು ನಗಲಿಲ್ಲ. ಆಪರೇಟರ್ ಎಂದು ಟೈಪು ಮಾಡಿಸಿಕೊಂಡವನಿಗೆ ‘ಏ ರೇಡಿಯೋ’ ಎಂದರೆ ಹೇಗಾಗಬೇಡ!

ಇಂಥ ಹೊತ್ತಿನಲ್ಲೇ ನಂಜುಂಡಯ್ಯನವರು ನನ್ನ ಬಾಳಿನಲ್ಲಿ ಪ್ರವೇಶ ಮಾಡಿದರು. ಗಲ್ಲಿಯ ಮೂಲೆಯಲ್ಲಿ ಮಾಳಿಗೆ ಮನೆ, ನಿವೃತ್ತ ಅಧಿಕಾರಿ. ಒಂದು ಸಂಜೆ ಕೋಣೆಯ ಬಾಗಿಲಿಗೇ ಬಂದು, "ಆಪರೇಟರ್ ಅವರೇ, ಸ್ವಲ್ಪ ಮನೆಗೆ ಬಂದು ಹೋಗಿ" ಎಂದರು. ಅಷ್ಟು ಮರ್ಯಾದೆ ಕೊಟ್ಟು ನನ್ನನ್ನು ಯಾರೂ ಕರೆದಿರಲಿಲ್ಲ. ಹೋದೆ. ಕುರ್ಚಿ ಕೊಟ್ಟರು. ಸ್ಟೀಲ್ ಲೋಟದಲ್ಲಿ ಕಾಫಿ, ತಟ್ಟೆಯಲ್ಲಿ ಎರಡು ಕೋಡುಬಳೆ. ಅವರ ಮನೆಯ ಕೋಡುಬಳೆಯ ಬಗ್ಗೆ ಈಗಲೂ ನಾನು ಕೆಟ್ಟ ಮಾತು ಆಡಲಾರೆ.

"ಆ ಹಾರ್ನ್ ನೇರ ನಮ್ಮ ಮಾಳಿಗೆಗೇ ಹೊಡಿಯತ್ತೆ ನೋಡಿ. ಸಂಜೆ ಒಂದು ಪುಸ್ತಕ ಓದೋಕಾಗಲ್ಲ. ಸ್ವಲ್ಪ ಆ ಕಡೆ ತಿರುಗಿಸೋಕಾಗತ್ತಾ?"

"ರೂಲ್ಸ್ ಇದೆ ಸಾರ್" ಎಂದೆ. ಯಾವ ರೂಲ್ಸೂ ನನಗೆ ಗೊತ್ತಿರಲಿಲ್ಲ.

"ನಿಮಗಿಂತ ರೂಲ್ಸೇ? ಇನ್ನೊಂದು ತಗೊಳ್ಳಿ."

ಮೂರನೆಯ ಕೋಡುಬಳೆಗೆ ರೂಲ್ಸು ಕರಗಿತು. ಮರುದಿನ ಮಧ್ಯಾಹ್ನ ತಿಮ್ಮಣ್ಣನಿಂದ ಏಣಿ ಇಸಿದುಕೊಂಡು ಕಂಬ ಹತ್ತಿದೆ. ಪಶ್ಚಿಮದ ತುತ್ತೂರಿಯ ನಟ್ಟು ಸಡಿಲಿಸಿ ಅದನ್ನು ಪಾರ್ಕಿನ ಒಳಕ್ಕೆ, ನೆಲದ ಕಡೆಗೆ ತಿರುಗಿಸಿ, ಸ್ಪ್ಯಾನರಿನಿಂದ ಬಿಗಿ ಮಾಡಿದೆ. ನನ್ನ ಇಡೀ ನೌಕರಿಯಲ್ಲಿ ಅಷ್ಟು ಅಚ್ಚುಕಟ್ಟಾಗಿ ಮಾಡಿದ ಕೆಲಸ ಇನ್ನೊಂದಿಲ್ಲ. ನಾನು ಲಂಚ ತೆಗೆದುಕೊಂಡವನಲ್ಲ ಎಂದು ನಿವೃತ್ತಿಯ ದಿನ ಭಾಷಣದಲ್ಲಿ ಹೇಳಿದ್ದೆ. ದುಡ್ಡು ಮುಟ್ಟಿಲ್ಲ, ನಿಜ. ದಿನಕ್ಕೆ ಎರಡು ಕೋಡುಬಳೆ ಮುಟ್ಟಿದೆ.

ಅಂದು ಸಂಜೆ ಗಲ್ಲಿಯ ಹೊಸಿಲುಗಳಲ್ಲಿ ಮಣೆಗಳಿದ್ದವು, ಸದ್ದಿರಲಿಲ್ಲ. ಪಾಠದ ದಿನ ಬಂದಾಗ ಗಿರಿಜಮ್ಮ ಕಪ್ಪು ಕೈಯಲ್ಲೇ ಗೇಟಿಗೆ ಓಡಿ ಬಂದರು. ಅಂದು ಚರಣ ಶುರುವಾಗುವ ದಿನ.

"ಅಣ್ಣ, ರೇಡಿಯೋ ಕೆಟ್ಟಿದ್ಯಾ? ಏನೋ ಗುಸುಗುಸು ಅನ್ನತ್ತೆ, ಮಾತೇ ತಿಳಿಯಲ್ಲ."

"ಆ ಕಡೆ ಹಾರ್ನ್ ಸುಟ್ಟೋಗಿದೆ. ರಿಪೇರಿಗೆ ಬರ್ದಿದೀವಿ" ಎಂದೆ.

"ಯಾವಾಗ್ ಆಗತ್ತೆ?"

"ಸರ್ಕಾರದ ಕೆಲ್ಸ. ನೀವು ಒಳಗ್ ಬಂದು ಕೂತ್ಕೊಂಡ್ ಕೇಳಿ."

"ಒಳಗ್ ಬಂದ್ರೆ ಹಿಟ್ಟು ಒಣಗಲ್ವಾ? ಬತ್ತಿ ನೀನ್ ಬಂದು ಹೊಸೀತೀಯಾ?" ಎಂದು ಹಿಂದಿರುಗಿದರು. ಎರಡು ಹೆಜ್ಜೆ ಹೋಗಿ ನಿಂತು ಕಿವಿಗೊಟ್ಟರು. ಗೇಟಿನಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ಮೇಷ್ಟರು ಇನ್ನೂ ಅನುಪಲ್ಲವಿಯನ್ನೇ ತಿರುಗಿ ಹೇಳಿಸುತ್ತಿದ್ದರು. ಚರಣ ಬರುವವರೆಗೆ ನಿಲ್ಲಲು ಅವರಿಗೆ ಪುರುಸೊತ್ತಿರಲಿಲ್ಲ.

ಹೀಗೆ ಎರಡು ತಿಂಗಳು ಕಳೆಯಿತು. ಅಷ್ಟರಲ್ಲಿ ಎಂಬತ್ತರ ದಶಕ ಬಂದಿತ್ತು. ಅನುಕೂಲವಂತರ ಮನೆಗಳಲ್ಲಿ ಟೀವಿ, ಉಳಿದ ಕೆಲವರ ಕಂಕುಳಲ್ಲಿ ಟ್ರಾನ್ಸಿಸ್ಟರ್. ಪಾರ್ಕಿನ ರೇಡಿಯೋ ಇನ್ನೇಕೆ ಎನ್ನುವ ಮಾತು ಮೇಲೆ ಹುಟ್ಟಿತ್ತು. ಒಂದು ಮಧ್ಯಾಹ್ನ ಸುಬ್ಬರಾಯರು ಸೈಕಲ್ ಒರಗಿಸಿ ನನ್ನ ಕೋಣೆಯಲ್ಲಿ ಕೂತರು. ಮುಖ ಬಾಡಿತ್ತು.

"ಬಜೆಟ್ಟಲ್ಲಿ ಕತ್ತರಿ ಹಾಕ್ತಿದಾರೆ ಚಿಕ್ಕಣ್ಣ. ಈ ಭಾಗದಲ್ಲಿ ಬೀದಿ ನಲ್ಲಿ ಹಾಕ್ಸೋಕೆ ದುಡ್ಡು ಸಾಲ್ದು. ರೇಡಿಯೋ ನಿಲ್ಸಿ ಅದನ್ನ ನಲ್ಲಿಗೆ ಹಾಕಿ ಅಂತ ಒಬ್ಬ ಮೆಂಬರ್ರು ಎದ್ದು ನಿಂತಿದಾರೆ. ಬಾಯಾರಿದವನಿಗೆ ನೀವು ಹಾಡು ಕೇಳಿಸ್ತೀರಾ ಅಂತಾರೆ. ಏನ್ ಉತ್ತರ ಕೊಡ್ಲಿ?"

"ನಲ್ಲೀನೂ ಬೇಕಲ್ಲ ಸಾರ್."

"ಬೇಕು. ಯಾರು ಬೇಡ ಅಂದೋರು? ನಲ್ಲಿ ಕೇಳೋನು ಕೊಡ ಹಿಡ್ಕೊಂಡು ಕಚೇರಿ ಮುಂದೆ ಬರ್ತಾನೆ, ಕಣ್ಣಿಗೆ ಕಾಣ್ತಾನೆ. ರೇಡಿಯೋ ಕೇಳೋನು ಸುಮ್ನೆ ಕೂತು ಕೇಳ್ತಾನೆ. ಅವನ ಪರವಾಗಿ ಯಾರು ಬರ್ತಾರೆ? ಮನೇಲಿ ಸೆಟ್ ಇಲ್ದೇ ಇರೋರು ಇದನ್ನೇ ನಂಬಿದಾರೆ ಅಂತ ತೋರಿಸ್ಬೇಕು ನಾನು. ಒಂದು ವಾರ ಎಣಿಸಿ ಬರಿ."

ಕಚೇರಿಯ ನಮೂನೆಯಲ್ಲಿ ಒಂದೇ ಕಾಲಂ ಇತ್ತು: ಉದ್ಯಾನದ ಒಳಗೆ ಕೇಳುವವರು. ಸುಬ್ಬರಾಯರು ಜೇಬಿನಿಂದ ಸ್ಕೇಲು ತೆಗೆದು, ಪೆನ್ಸಿಲಿನಲ್ಲಿ ಪಕ್ಕಕ್ಕೆ ಇನ್ನೊಂದು ಕಾಲಂ ಎಳೆದು, ತಲೆಬರಹ ಬರೆದರು: ಹೊರಗೆ ಕೇಳುವವರು. ಹಾಳೆ ನನ್ನ ಕೈಗೆ ಕೊಟ್ಟರು.

ಒಂದು ವಾರ ಎಣಿಸಿದೆ. ಸರಾಸರಿ ಹನ್ನೊಂದು ಜನ. ಆ ಹನ್ನೊಂದು ಹೇಗೆಂದರೆ, ಮೂವರು ಮಲಗಿದವರು, ನಾಲ್ವರು ಚೌಕಾಬಾರ ಆಡುವವರು, ಒಬ್ಬರು ಕಿವಿಯೇ ಕೇಳಿಸದ ಅಜ್ಜ, ಉಳಿದ ಮೂವರಲ್ಲಿ ಒಬ್ಬ ತಿಮ್ಮಣ್ಣ, ಒಬ್ಬ ನಾನು.

ಸುಬ್ಬರಾಯರು ಬಂದು ನೋಡಿದರು. ಎರಡನೇ ಕಾಲಂ ಖಾಲಿ ಇತ್ತು. ಅವರು ಪೆನ್ಸಿಲಿನ ತುದಿಯನ್ನು ಅದರ ಮೇಲಿಟ್ಟು ಕೇಳಿದರು: "ಹೊರಗಡೆ ಯಾರಾದ್ರೂ ಕೇಳ್ತಾರೇನಯ್ಯ? ಹಿಂದುಗಡೆ ಗಲ್ಲೀಲಿ? ಊದುಬತ್ತಿ ಮಾಡೋರು ಇದಾರಲ್ಲ? ಸರಿಯಾಗಿ ಯೋಚ್ನೆ ಮಾಡಿ ಹೇಳು. ನನಗೆ ಬೇಕಾಗಿರೋದು ಅದೊಂದೇ ಸಾಲು."

ಇಲ್ಲಿ ನಾನು ಹೌದು ಅನ್ನಬೇಕಿತ್ತು. ಅಂದಿದ್ದರೆ ಅವರು ಅದೇ ಗಳಿಗೆ ಗಲ್ಲಿಗೆ ಹೋಗುವರು. ಗಿರಿಜಮ್ಮ, ‘ಎರಡು ತಿಂಗಳಿಂದ ಹಾರ್ನ್ ಸುಟ್ಟೋಗಿದೆಯಂತಲ್ಲ ಸ್ವಾಮಿ’ ಎನ್ನುವರು. ಇವರು ಸುಟ್ಟಿಲ್ಲವಲ್ಲ ಎಂದು ತಲೆ ಎತ್ತಿ ಕಂಬ ನೋಡುವರು. ಇಷ್ಟೂ ನನ್ನ ತಲೆಯಲ್ಲಿ ಓಡಿತು. ಜತೆಗೆ, ಸತ್ಯವೇ ಹೇಳುತ್ತಿದ್ದೇನೆ, ನಂಜುಂಡಯ್ಯನವರ ಮನೆಯ ತಟ್ಟೆಯೂ ಓಡಿತು.

"ಇಲ್ಲ ಸಾರ್" ಎಂದೆ.

"ಇಲ್ವಾ?"

"ಒಬ್ರೂ ಇಲ್ಲ ಸಾರ್."

"ಹಾಗಾದ್ರೆ ಬರಿ" ಎಂದು ಪೆನ್ ಕೊಟ್ಟರು. ‘ಇಲ್ಲ’ ಎಂದು ಬರೆದು ಕೆಳಗೆ ಸಹಿ ಹಾಕಿದೆ. ಆಗ ಸಹಿ ಹಾಕುವ ಅವಕಾಶಗಳು ನನಗೆ ಕಮ್ಮಿ. ಆದ್ದರಿಂದ ನಿಧಾನವಾಗಿ, ಬಾಲ ಎಳೆದು ಹಾಕಿದೆ.

ಸಭೆಯಲ್ಲಿ ಆ ಮೆಂಬರು ಹಾಳೆಯನ್ನು ಎತ್ತಿ ಹಿಡಿದು, "ಹನ್ನೊಂದು ಜನಕ್ಕೆ ನಾಲ್ಕು ತುತ್ತೂರಿ!" ಎಂದರಂತೆ. ಎಲ್ಲರೂ ನಕ್ಕರಂತೆ. ರೇಡಿಯೋ ನಿಲ್ಲಿಸುವುದೆಂದು ತೀರ್ಮಾನವಾಯಿತು.

ತಿಂಗಳೊಳಗೆ ಕಂಬ ಇಳಿಸಲು ಆಳುಗಳು ಬಂದರು. ಸುಬ್ಬರಾಯರೂ ಬಂದು ಕೆಳಗೆ ನಿಂತು ತಲೆ ಎತ್ತಿ ನೋಡಿದರು. ಬಹಳ ಹೊತ್ತು ನೋಡಿದರು.

"ಆ ಪಶ್ಚಿಮದ ಹಾರ್ನ್ ಯಾಕೆ ಒಳಗಡೆ ನೋಡ್ತಿದೆ?"

"ಗಾಳಿಗೆ ತಿರುಗಿರ್ಬೇಕು ಸಾರ್."

ಮೇಲಿದ್ದ ಆಳು ಸ್ಪ್ಯಾನರ್ ಹಾಕಿ ತಿಣುಕುತ್ತಿದ್ದ. "ಯಾವನ್ರೀ ಇದನ್ನ ಇಷ್ಟ್ ಬಿಗಿ ಮಾಡಿರೋದು? ಜಪ್ಪಯ್ಯ ಅಂದ್ರೂ ಬರ್ತಿಲ್ಲ!" ಎಂದು ಕೂಗಿದ.

ಸುಬ್ಬರಾಯರು ನನ್ನ ಮುಖ ನೋಡಿದರು. "ಗಾಳಿಗೆ ನಟ್ಟು ಬಿಗಿಯೋಕೂ ಬರತ್ತಾ ಚಿಕ್ಕಣ್ಣ?" ಎಂದರು. ನನ್ನ ಉತ್ತರಕ್ಕೆ ಕಾಯಲಿಲ್ಲ. ಸೈಕಲ್ ತಳ್ಳಿಕೊಂಡು ಹೋದರು, ಹತ್ತಲಿಲ್ಲ. ಮುಂದೆ ನಿವೃತ್ತರಾಗುವವರೆಗೆ ಆ ಮಾತನ್ನು ಅವರು ಎತ್ತಲಿಲ್ಲ, ನನ್ನ ಜತೆ ತಮಾಷೆಯನ್ನೂ ಮಾಡಲಿಲ್ಲ. ಮೆಮೋ ಕೊಟ್ಟಿದ್ದರೆ ಉತ್ತರ ಬರೆದು ಕೈ ತೊಳೆದುಕೊಳ್ಳಬಹುದಿತ್ತು.

ಇನ್ನು ನಂಜುಂಡಯ್ಯನವರು. ರೇಡಿಯೋ ನಿಂತ ಮರುದಿನ ಹಳೆಯ ಅಭ್ಯಾಸದಂತೆ ಅವರ ಮನೆಗೆ ಹೋದೆ. ಬಾಗಿಲಲ್ಲೇ ನಿಂತು, "ಯಾರಪ್ಪ ನೀನು, ಏನ್ ಬೇಕಾಗಿತ್ತು?" ಎಂದರು. ಆಪರೇಟರ್ ಅವರೇ ಎಂದು ಅವರು ಕರೆಯುತ್ತಿದ್ದುದು ಹಾರ್ನನ್ನು, ನನ್ನನ್ನಲ್ಲ ಎಂದು ಆಗ ಹೊಳೆಯಿತು.

ನನ್ನನ್ನು ಬೀದಿ ನಲ್ಲಿಗಳ ವಿಭಾಗಕ್ಕೆ ಹಾಕಿದರು. ನಲ್ಲಿಯ ಕಟ್ಟೆ ಒಡೆದರೆ, ಚರಂಡಿ ಕಟ್ಟಿದರೆ, ವಾಷರ್ ಸವೆದರೆ ನೋಡಿಕೊಳ್ಳಬೇಕು. ರೇಡಿಯೋ ದುಡ್ಡಿನಲ್ಲಿ ಬಂದ ಮೊದಲ ನಲ್ಲಿ ಎಲ್ಲಿಗೆ ಬಂತು ಅಂತೀರಿ? ಅದೇ ಗಲ್ಲಿಗೆ. ಸುಳ್ಳು ಹೇಳಬಾರದು, ಆ ನಲ್ಲಿಯಿಂದ ಆ ಹೆಂಗಸರಿಗೆ ಬಹಳ ಉಪಕಾರವಾಯಿತು. ಮೊದಲು ಅವರು ಎರಡು ಬೀದಿ ದಾಟಿ ನೀರು ತರುತ್ತಿದ್ದರು. ನಲ್ಲಿ ಬೇಡವಾಗಿತ್ತು ಎನ್ನುವವನು ಕೊಡ ಹೊತ್ತವನಲ್ಲ.

ನಾನು ವಾಷರ್ ಹಾಕಲು ಹೋದಾಗಲೆಲ್ಲ ಗಿರಿಜಮ್ಮ ಅಲ್ಲಿರುತ್ತಿದ್ದರು. ಕೊಡ ತುಂಬುವಷ್ಟು ಹೊತ್ತು ಅದೇ ಕೀರ್ತನೆ ಗುನುಗುತ್ತಿದ್ದರು. ಪಲ್ಲವಿ, ಅನುಪಲ್ಲವಿ, ಮತ್ತೆ ಪಲ್ಲವಿ. ಚರಣದ ಜಾಗದಲ್ಲಿ ನೀರಿನ ಸದ್ದು. ಒಂದು ದಿನ ಕೇಳಿಯೇ ಬಿಟ್ಟರು.

"ಅಣ್ಣ, ಆ ಪಾಠ ಮುಗೀತಾ? ಚರಣ ಹೇಗಿತ್ತು? ನಿನಗೆ ಗೊತ್ತಿರತ್ತಲ್ಲ, ನೀನು ರೇಡಿಯೋದೋನು."

ನನಗೆ ಗೊತ್ತಿರಲಿಲ್ಲ. ಚರಣ ನಡೆದ ಸಂಜೆಗಳಲ್ಲಿ ನಾನು ನಂಜುಂಡಯ್ಯನವರ ಪಡಸಾಲೆಯಲ್ಲಿದ್ದೆ. ಸ್ಪ್ಯಾನರ್ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಹಾರ್ನ್ ಸುಟ್ಟಿರಲಿಲ್ಲ, ನಾನೇ ತಿರುಗಿಸಿದ್ದು; ಯಾರೂ ಕೇಳುವುದಿಲ್ಲ ಎಂದು ಬರೆದುಕೊಟ್ಟವನೂ ನಾನೇ. ಕೊಡ ತುಂಬಿ ಹರಿಯುತ್ತಿತ್ತು. ಅವರು ನಲ್ಲಿ ನಿಲ್ಲಿಸಿದರು.

"ಕೋಡುಬಳೆಗಾ?"

"ಹೂಂ."

"ಎಷ್ಟು?"

"ದಿನಕ್ಕೆ ಎರಡು. ಮೊದಲ ದಿನ ಮೂರು."

"ಅಯ್ಯೋ ನಿನ್ನ! ಬಾಯ್ಬಿಟ್ಟು ಕೇಳಿದ್ರೆ ನಮ್ ವಠಾರದವ್ರೆಲ್ಲ ಸೇರ್ಕೊಂಡು ನಾಲ್ಕು ಕೊಡ್ತಿದ್ವಲ್ಲೋ!"

ಸರದಿಯಲ್ಲಿದ್ದವರು ಗೊಳ್ಳೆಂದು ನಕ್ಕರು. ಗಿರಿಜಮ್ಮ ನಗಲಿಲ್ಲ. ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು, "ನೀರು ತರೋವಾಗ ಕೈ ನೋಯತ್ತೆ, ಗೊತ್ತಾಗತ್ತೆ. ಇದು ಎಲ್ಲಿ ನೋಯತ್ತೆ ಅಂತ ಯಾರ್ ಹತ್ರ ಹೇಳ್ಕೊಳ್ಳೋದು? ಹೋಗು, ಆ ಚರಣ ಎಲ್ಲಿದ್ರೂ ತಗೊಂಡ್ ಬಾ" ಎಂದರು.

ಹೋದೆ. ಮಲ್ಲೇಶ್ವರದಲ್ಲಿ, ಸಂಪಿಗೆ ರಸ್ತೆಯ ಹಿಂದಿನ ಬೀದಿಯಲ್ಲಿ, ಸಂಗೀತ ಹೇಳಿಕೊಡುವ ಒಬ್ಬ ಅಮ್ಮನವರಿದ್ದಾರೆ ಎಂದು ಯಾರೋ ಹೇಳಿದರು. ಅವರ ಮುಂದೆ ಕೂತು ಪಲ್ಲವಿಯನ್ನು ನನಗೆ ತೋಚಿದಂತೆ ಹಾಡಿದೆ. ಅವರು ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದರು. ಆಮೇಲೆ, "ದಯವಿಟ್ಟು ಮಾತಲ್ಲಿ ಹೇಳಿ" ಎಂದರು. ಮಾತಿನಲ್ಲಿ ಹೇಳಿದ ಮೇಲೆ ಗುರುತು ಹಿಡಿದರು. ಚರಣವನ್ನು ಚೀಟಿಯಲ್ಲಿ ಬರೆದುಕೊಟ್ಟರು. ಹಾಡಿಯೂ ತೋರಿಸಿದರು. ಅದು ನನ್ನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದು ಕಿವಿಯಲ್ಲಿ ಹೊರಟು, ಚಾಮರಾಜಪೇಟೆ ಮುಟ್ಟುವಷ್ಟರಲ್ಲಿ ಪೂರ್ತಿ ಖಾಲಿಯಾಗಿತ್ತು.

ನಲ್ಲಿಯ ಕಟ್ಟೆಯ ಮೇಲೆ ನಿಂತು ಚೀಟಿಯನ್ನು ವಾರ್ತೆ ಓದಿದಂತೆ ಓದಿದೆ. ದನಿ ಚೆನ್ನಾಗಿದೆ ಎಂದು ಸುಬ್ಬರಾಯರು ಹೇಳಿದ್ದರಲ್ಲ. ಗಿರಿಜಮ್ಮ ಎರಡು ಸಲ ಓದಿಸಿ ಬಾಯಿಪಾಠ ಮಾಡಿಕೊಂಡರು.

"ಮಾತು ಬಂತು. ರಾಗ ಎಲ್ಲಿ?"

"ಅದು ತರೋಕಾಗ್ಲಿಲ್ಲ ಅಮ್ಮ."

ಅವರು ತಮಗೆ ತೋಚಿದ ಒಂದು ಧಾಟಿಯಲ್ಲಿ ಚರಣ ಹಾಡಿಕೊಂಡರು. ಸರಿಯೋ ತಪ್ಪೋ ಹೇಳುವ ಯೋಗ್ಯತೆ ನನಗಿರಲಿಲ್ಲ. ಆಮೇಲೆ ಆ ಗಲ್ಲಿಯ ಹೆಂಗಸರೆಲ್ಲ ಅದನ್ನು ಹಾಗೇ ಹಾಡಿದರು. ಕೆಲವು ವರ್ಷಕ್ಕೆ ವಠಾರ ಕೆಡವಿದರು. ಗಿರಿಜಮ್ಮ ಮಗಳ ಮನೆಗೆ ಹೋದರೆಂದು ಕೇಳಿದೆ. ಎಲ್ಲಿ ಎಂದು ವಿಚಾರಿಸಲಿಲ್ಲ. ಅದೂ ನನ್ನ ತಪ್ಪೇ.

ಈಗ ಕಾವ್ಯಳ ಕಾಗದಕ್ಕೆ ಬಂದೆ. ಪಾರ್ಕುಗಳಲ್ಲಿ ಸರ್ಕಾರಿ ರೇಡಿಯೋ ಮತ್ತೆ ಕೇಳಿಸಬೇಕೆಂದು ಒಂದು ಕಡೆಯವರು, ಆ ದುಡ್ಡಲ್ಲಿ ಹೆಂಗಸರಿಗೆ ಶೌಚಾಲಯ ಕಟ್ಟಿಸಬೇಕೆಂದು ಇನ್ನೊಂದು ಕಡೆಯವರು. ಹಿಂದೆ ಏನಾಗಿತ್ತು ಎಂದು ಫೈಲು ಹುಡುಕಿದರೆ ನನ್ನ ಹಾಳೆ ಸಿಕ್ಕಿದೆ. ಸುಬ್ಬರಾಯರ ಪೆನ್ಸಿಲ್ ಗೆರೆ ಜೆರಾಕ್ಸಿನಲ್ಲಿ ಕಂಡೂ ಕಾಣದಂತಿತ್ತು. ಪೆನ್ನಿನ ‘ಇಲ್ಲ’ ಮಾತ್ರ ದಪ್ಪಗೆ ಕಾಣುತ್ತಿತ್ತು.

"ಇದು ನಿಮ್ಮ ಸಹೀನಾ ಸಾರ್?" ಎಂದಳು.

"ನನ್ನದೇ. ಶೌಚಾಲಯಾನೂ ಬೇಕಲ್ಲಮ್ಮ?"

"ಎಲ್ಲಾ ಬೇಕು ಸಾರ್. ದುಡ್ಡಿರೋದು ಒಂದಕ್ಕೆ. ಅದಕ್ಕೇ ಕೇಳೋಕೆ ಬಂದಿದ್ದು. ಹೊರಗಡೆ ಯಾರೂ ಕೇಳ್ತಿರ್ಲಿಲ್ವಾ?"

ಅದೇ ಪ್ರಶ್ನೆ. ಎಷ್ಟೋ ವರ್ಷದ ಮೇಲೆ, ಕೋಡುಬಳೆ ಇಲ್ಲದ ಬಾಯಿಂದ ಅದಕ್ಕೆ ಉತ್ತರ ಹೇಳಿದೆ. ಅವಳು ಪೂರ್ತಿ ಕೇಳಿ, ಮೊದಲು ನಕ್ಕು, ಆಮೇಲೆ ನಗು ನಿಲ್ಲಿಸಿದಳು.

"ಹಾಗಾದ್ರೆ ಎಷ್ಟು ಅಂತ ಬರೀಲಿ ಸಾರ್?"

"ಗೊತ್ತಿಲ್ಲ. ನಾನು ಎಣಿಸಲೇ ಇಲ್ಲ."

"ಗೊತ್ತಿಲ್ಲ ಅಂತ ಬರೆಯೋಕಾಗಲ್ಲ. ನೀವು ಹೇಳಿದ್ದನ್ನೆಲ್ಲ ಬರೆದ್ರೆ ಕಾಲಂನಲ್ಲಿ ಹಿಡಿಸಲ್ಲ."

"ಹಾಳೆ ಬಿಟ್ಟು ಹೋಗು. ಹಿಂದುಗಡೆ ಬರೀತೀನಿ" ಎಂದೆ. ಸೋಮವಾರ ಬರುತ್ತೇನೆಂದು ಹೋದಳು.

ಸರ್ಕಾರ ರೇಡಿಯೋಗೆ ದುಡ್ಡು ಹಾಕಬೇಕೋ ಬೇಡವೋ ಎಂದು ಕೇಳಿದರೆ, ಹಾಕಬೇಕು ಎಂದೇ ನಾನು ಹೇಳುತ್ತೇನೆ. ನೀರಿಗಿಂತ ಹಾಡು ದೊಡ್ಡದೆಂದಲ್ಲ. ನೀರಿಲ್ಲದವನು ಕೂಗುತ್ತಾನೆ, ಪಾಠ ನಿಂತವಳು ಹಿಟ್ಟು ಒಣಗುತ್ತದೆಂದು ಮನೆಗೆ ಹೋಗುತ್ತಾಳೆ, ಅದಕ್ಕೆ. ನಾನು ಹೇಳಿದ ಮೇಲೂ ಶೌಚಾಲಯವೇ ಮೊದಲಾಗಬೇಕು ಎಂದು ನಿಮಗೆ ಕಂಡರೆ ಹಾಗೇ ಮಾಡಿ, ನನ್ನ ತಕರಾರಿಲ್ಲ. ಆದರೆ ಎಣಿಸಲು ಹೋಗುವ ಮುಂಚೆ ತಲೆ ಎತ್ತಿ ಕಂಬ ನೋಡಿ. ನಾಲ್ಕೂ ತುತ್ತೂರಿ ಹೊರಗೆ ನೋಡುತ್ತಿವೆಯೇ, ಅಷ್ಟು ಖಾತ್ರಿ ಮಾಡಿಕೊಂಡು ಪೆನ್ಸಿಲ್ ತೆಗೆಯಿರಿ.

ಹಾಳೆಯ ಹಿಂದೆ ಬರೆಯಲು ಶುರು ಮಾಡಿದ್ದು ಇಷ್ಟುದ್ದವಾಯಿತು. ಮುಂದುಗಡೆ ಎರಡನೇ ಕಾಲಂನಲ್ಲಿ ‘ಇಲ್ಲ’ ಎಂಬುದನ್ನು ಹೊಡೆದು, ಪಕ್ಕದಲ್ಲಿ ನನಗೆ ಖಾತ್ರಿ ಗೊತ್ತಿರುವ ಒಂದೇ ಹೆಸರು ಬರೆದಿದ್ದೇನೆ: ಗಿರಿಜಮ್ಮ, ಊದುಬತ್ತಿ ಹೊಸೆಯುವವರು, ಪಾಠ ಅರ್ಧ. ಕೆಳಗೆ ಸಹಿ. ಈ ಸಲ ಬಾಲ ಎಳೆದಿಲ್ಲ.

ನಾಳೆ ಸೋಮವಾರ. ಆ ಹುಡುಗಿ ಬರುತ್ತಾಳಲ್ಲ, ಒಂದಿಷ್ಟು ಕೋಡುಬಳೆ ಕರಿಯಲಾ ಎಂದು ನನ್ನ ಹೆಂಡತಿ ಕೇಳಿದಳು.

"ಬೇಡ ಕಣೇ, ಇದು ಕಚೇರಿ ಕೆಲಸ" ಎಂದೆ. "ಒಂದು ಲೋಟ ನೀರು ಕೊಡು, ಸಾಕು."